ಬಾಯಿಲೆಕ್ಕದ ಪರಂಪರೆ: ಗಣಿತಶಾಸ್ತ್ರ ಮತ್ತು ಜಾನಪದ ಮಗ್ಗಿ

ಬಳಪ, ಕಾಗದಗಳ ಹಂಗಿಲ್ಲದೆ ಮನಸ್ಸಿನಲ್ಲಿಯೇ ಲೆಕ್ಕ ಬಿಡಿಸುವ ಕೌಶಲವನ್ನು ಕನ್ನಡಿಗರು ಬಾಯಿಲೆಕ್ಕ ಎಂದು ಕರೆಯುತ್ತಾರೆ. ಪ್ರಾಚೀನ ಭಾರತದ ಶೀಘ್ರಗಣನೆಯ ಮಾತು ಬಂದಾಗಲೆಲ್ಲ ಇತ್ತೀಚಿನ ದಶಕಗಳಲ್ಲಿ ‘ವೇದಗಣಿತ’ದ ಹೆಸರೇ ಮುಂದೆ ಬರುತ್ತದೆ. ಆದರೆ ಆಧಾರಸಹಿತವಾಗಿ ಗುರುತಿಸಬಹುದಾದ ಪರಂಪರೆ ಇರುವುದು ಬೇರೆ ಎರಡು ನೆಲೆಗಳಲ್ಲಿ. ಒಂದು, ಸಂಸ್ಕೃತ ಹಾಗೂ ಕನ್ನಡದ ಗಣಿತಗ್ರಂಥಗಳು. ಇನ್ನೊಂದು, ಊರಿನ ಮಠ, ಅಂಗಡಿ, ಕಣಗಳಲ್ಲಿ ಬಾಯಿಂದ ಬಾಯಿಗೆ ಸಾಗಿಬಂದ ಮಗ್ಗಿ. ಈ ಎರಡನೆಯ ನೆಲೆಯ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವೇದಗಣಿತದ ವಿಷಯ. ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀಕೃಷ್ಣ ತೀರ್ಥರ (೧೮೮೪-೧೯೬೦) ಇಂಗ್ಲಿಷ್ ಗ್ರಂಥ ೧೯೬೫ರಲ್ಲಿ, ಅವರ ನಿಧನಾನಂತರ ಪ್ರಕಟವಾಯಿತು. ಅದರಲ್ಲಿರುವ ೧೬ ಸೂತ್ರಗಳು ಅಥರ್ವವೇದದ ಪರಿಶಿಷ್ಟಕ್ಕೆ ಸೇರಿದವು ಎಂಬ ಮಾತಿದೆ. ಆದರೆ ತಿಳಿದಿರುವ ಪರಿಶಿಷ್ಟಗಳಲ್ಲಿ ಅವು ಕಾಣುವುದಿಲ್ಲ ಎಂಬುದನ್ನು ಗ್ರಂಥದ ಸಂಪಾದಕರಾದ ವಾಸುದೇವಶರಣ ಅಗ್ರವಾಲರೇ ಸೂಚಿಸಿದ್ದಾರೆ. ವಿಧಾನಗಳು ಗಣಿತದೃಷ್ಟಿಯಿಂದ ಸರಿಯಾಗಿವೆ. ೯೭ನ್ನು ೯೬ರಿಂದ ಗುಣಿಸುವಾಗ ನೂರಕ್ಕೆ ಇರುವ ಕೊರತೆಗಳು ೩ ಮತ್ತು ೪. ಅವುಗಳ ಗುಣಲಬ್ಧ ೧೨, ಕೊರತೆಗಳ ಮೊತ್ತವನ್ನು ನೂರರಿಂದ ಕಳೆದರೆ ೯೩, ಉತ್ತರ ೯೩೧೨. ಇಲ್ಲಿ ಪ್ರಶ್ನೆಯಿರುವುದು ವಿಧಾನದ ಸಾಧುತ್ವದ ಬಗೆಗಲ್ಲ, ಅದರ ಪ್ರಾಚೀನತೆಯ ಬಗೆಗೆ.

ಹತ್ತಿರದ ಸುಲಭ ಸಂಖ್ಯೆಯನ್ನು ಹಿಡಿದು ಬಳಿಕ ಹೆಚ್ಚುಕಡಿಮೆಯನ್ನು ಸರಿಪಡಿಸುವ ತತ್ತ್ವಕ್ಕಾದರೂ ಖಚಿತ ಕಾಲದ ಆಧಾರವಿದೆ. ಭಾಸ್ಕರಾಚಾರ್ಯರು ಸುಮಾರು ೧೧೫೦ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ೧೩೫ನ್ನು ೧೨ರಿಂದ ಗುಣಿಸುವ ಹಲವು ಬಗೆಗಳಿವೆ. ಹನ್ನೆರಡನ್ನು ೮ ಮತ್ತು ೪ ಎಂದು ಒಡೆಯಬಹುದು. ೩ ಮತ್ತು ೪ರಿಂದ ಒಂದಾದ ಮೇಲೊಂದರಂತೆ ಗುಣಿಸಬಹುದು. ೨೦ರಿಂದ ಗುಣಿಸಿ ೮ರ ಗುಣಲಬ್ಧವನ್ನು ಕಳೆಯಬಹುದು. ಹೇಗೆ ಮಾಡಿದರೂ ಉತ್ತರ ೧೬೨೦. ಇದಕ್ಕೂ ಹಿಂದೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ೮೫೦ರಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧ ಬರುವಂತಹ, ಹಾರದಂತೆ ತೋರುವ ಸಂಖ್ಯೆಗಳನ್ನು ಅವರು ಉದಾಹರಿಸಿದ್ದಾರೆ. ೧೨ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳ ಮೂಲಕ ಈ ಶಾಸ್ತ್ರವನ್ನು ಕನ್ನಡಕ್ಕೆ ತಂದನು.

ಗ್ರಂಥಸ್ಥ ಗಣಿತ ಪಂಡಿತರದಾದರೆ ಜನಸಾಮಾನ್ಯರದು ಮಗ್ಗಿ. ಇದರ ಕಲಿಕೆಯನ್ನು ಕುರಿತ ಅಮೂಲ್ಯ ದಾಖಲೆಯೊಂದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ರಲ್ಲಿ ಮದರಾಸು ಸರ್ಕಾರಕ್ಕೆ ಸಲ್ಲಿಸಿದ ವರದಿ. ಇಂದಿನ ಆಂಧ್ರದ ಭಾಗಗಳನ್ನೂ ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಆತ ಲೆಕ್ಕಹಾಕಿದ ಶಾಲೆಗಳು ೫೩೩. ಅವುಗಳಲ್ಲಿ ೨೩೫ ಕನ್ನಡದವು. ಮಕ್ಕಳಿಗೆ ಭಿನ್ನರಾಶಿಗಳನ್ನು ಕಲಿಸಲು ಅಲ್ಲಿ ವಿಶೇಷ ಶ್ರಮ ವಹಿಸುತ್ತಿದ್ದರೆಂದೂ, ಆ ಭಿನ್ನಗಳು ಹತ್ತರಂತೆ ಅಲ್ಲ, ನಾಲ್ಕರಂತೆ ಇಳಿಯುತ್ತಿದ್ದವೆಂದೂ, ಮಕ್ಕಳು ದಿನಕ್ಕೆರಡು ಬಾರಿ ಸಾಲಾಗಿ ನಿಂತು ಮಗ್ಗಿ ಮತ್ತು ಅಳತೆಗಳ ಕೋಷ್ಟಕಗಳನ್ನು ಒಪ್ಪಿಸುತ್ತಿದ್ದರೆಂದೂ ಆತ ಬರೆದಿದ್ದಾನೆ.

ನಾಲ್ಕರಂತೆ ಇಳಿಯುವ ಈ ಕ್ರಮವೇ ಬಾಯಿಲೆಕ್ಕದ ಬೀಗದ ಕೈ. ಒಂದರ ನಾಲ್ಕನೆಯ ಭಾಗ ಕಾಲು. ಕಾಲಿನ ಕಾಲು ವೀಸ, ಎಂದರೆ ಹದಿನಾರರಲ್ಲೊಂದು. ವೀಸದ ಕಾಲು ಕಾಣಿ, ಎಂದರೆ ಅರವತ್ತನಾಲ್ಕರಲ್ಲೊಂದು. (ತಮಿಳಿನಲ್ಲಿ ಇದೇ ಕಾಣಿ ಎಂಬತ್ತರಲ್ಲೊಂದು.) ಅರ್ಧಿಸುವುದು ಮನಸ್ಸಿಗೆ ಅತಿ ಸುಲಭವಾದ ಕ್ರಿಯೆ, ಎರಡು ಬಾರಿ ಅರ್ಧಿಸಿದರೆ ಕಾಲು, ನಾಲ್ಕು ಬಾರಿ ಅರ್ಧಿಸಿದರೆ ವೀಸ. ಹಳೆಯ ರೂಪಾಯಿಗೆ ೧೬ ಆಣೆ, ೬೪ ಪೈಸೆ. ಆದ್ದರಿಂದ ಆಣೆಯೆಂದರೆ ರೂಪಾಯಿಯ ವೀಸ, ಪೈಸೆಯೆಂದರೆ ಕಾಣಿ. ಸೇರಿಗೆ ೫ ಆಣೆಯಾದರೆ ೧೬ ಸೇರಿಗೆ ೫ ರೂಪಾಯಿ ಎಂಬುದನ್ನು ಹೇಳಲು ವ್ಯಾಪಾರಿಗೆ ಗುಣಾಕಾರವೇ ಬೇಕಿರಲಿಲ್ಲ.

ಇದರೊಡನೆ ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ ಮಗ್ಗಿಗಳು ಕಂಠಸ್ಥವಾಗಿರುತ್ತಿದ್ದವು. ಸೇರಿಗೆ ೭ ಆಣೆಯಂತೆ ಮೂರೂಮುಕ್ಕಾಲು ಸೇರಿನ ಬೆಲೆ ಬೇಕೆನ್ನೋಣ. ಏಳು ಮೂರ್ಲೆ ಇಪ್ಪತ್ತೊಂದು. ಏಳರ ಮುಕ್ಕಾಲು ಐದೂಕಾಲು. ಒಟ್ಟು ಇಪ್ಪತ್ತಾರೂಕಾಲು ಆಣೆ, ಅಂದರೆ ೧ ರೂಪಾಯಿ ೧೦ ಆಣೆ ೩ ಪೈ. ಬೇಕಾದರೆ ನಾಲ್ಕು ಸೇರಿನ ೨೮ ಆಣೆಯಿಂದ ಒಂದೂಮುಕ್ಕಾಲು ಆಣೆ ಕಳೆದರೂ ಆಯಿತು. ಲೀಲಾವತಿಯ ಕೂಡಿಸಿ ಕಳೆಯುವ ತತ್ತ್ವವೇ ಇದು. ಹಾಗೆಂದು ಒಂದು ಇನ್ನೊಂದರಿಂದ ಇಳಿದುಬಂದಿತೆಂದು ಹೇಳಬೇಕಿಲ್ಲ. ವ್ಯವಹಾರದ ಅಗತ್ಯ ಎರಡಕ್ಕೂ ಸಮಾನವಾದುದು.

ಮಗ್ಗಿಯ ಮೌಖಿಕ ರೂಪವೂ ಗಮನಾರ್ಹ. ‘ಗುಣಿಸಿದರೆ’, ‘ಸಮ’ ಎಂಬ ಪದಗಳಿಗೆ ಅದರಲ್ಲಿ ಎಡೆಯಿಲ್ಲ. ‘ಎರಡೆರಡ್ಲೆ ನಾಲ್ಕು’ ಎನ್ನುವಾಗ ‘ಲೆ’ ಎಂಬ ಒಂದಕ್ಷರವೇ ಇಡೀ ಕ್ರಿಯೆಯನ್ನು ಹೊರುತ್ತದೆ. ಸಾಮೂಹಿಕ ಲಯಕ್ಕೆ ಒಗ್ಗಿದ ನಾಲಗೆಗೆ ಉತ್ತರ ತಾನಾಗಿ ಬರುತ್ತದೆ. ಗಾದೆ, ಒಗಟುಗಳಂತೆ ಇದೂ ಪಠ್ಯವನ್ನು ನೆನಪಿನಲ್ಲಿ ಕಾಪಿಡುವ ಜಾನಪದ ಪ್ರಕಾರವೇ ಆಗಿದೆ.

೧೯೫೭ರ ಏಪ್ರಿಲ್ ೧ರಂದು ರೂಪಾಯಿ ನೂರು ನಯಾಪೈಸೆಯಾಯಿತು. ೧೯೫೮ರಿಂದ ಮೆಟ್ರಿಕ್ ತೂಕ, ಅಳತೆಗಳು ಹಂತಹಂತವಾಗಿ ಜಾರಿಗೆ ಬಂದವು. ವೀಸ, ಕಾಣಿಗಳು ನಿಂತಿದ್ದ ನೆಲವೇ ಸರಿಯಿತು. ಪೂರ್ಣಾಂಕಗಳ ಮಗ್ಗಿ ಉಳಿಯಿತು. ಭಿನ್ನಗಳ ಮಗ್ಗಿ ಶಾಲೆಯಿಂದ ಮರೆಯಾಯಿತು. ಹಳೆಯ ನಾಣ್ಯಗಳಲ್ಲಿ ಲೆಕ್ಕ ಕಲಿತ ಪೀಳಿಗೆ ಈಗ ಎಂಬತ್ತರ ಆಸುಪಾಸಿನಲ್ಲಿದೆ. ಯಾವ ಪ್ರದೇಶದಲ್ಲಿ ಯಾವ ಭಿನ್ನದವರೆಗೆ ಮಗ್ಗಿ ಹೇಳಿಸುತ್ತಿದ್ದರು, ಕೊಳಗ, ಖಂಡುಗಗಳ ಲೆಕ್ಕಕ್ಕೆ ಅದನ್ನು ಹೇಗೆ ಹೊಂದಿಸುತ್ತಿದ್ದರು, ಯಾವ ಲಯದಲ್ಲಿ ಹೇಳುತ್ತಿದ್ದರು ಎಂಬುದನ್ನು ಅವರ ಧ್ವನಿಯಲ್ಲಿಯೇ ಸಂಗ್ರಹಿಸಬೇಕಾಗಿದೆ. ಲಾವಣಿ, ತ್ರಿಪದಿಗಳಿಗೆ ನಮ್ಮ ಸಂಗ್ರಾಹಕರು ತೋರಿದ ಆದರ ಲೆಕ್ಕದ ಬಾಯಿಪಾಠಕ್ಕೂ ಸಲ್ಲಬೇಕು. ಇಲ್ಲವಾದರೆ ವೇದದಲ್ಲಿ ಕಾಣದ ಗಣಿತವನ್ನು ಅಲ್ಲಿ ಹುಡುಕುತ್ತ, ಅಂಗಳದಲ್ಲಿದ್ದ ಗಣಿತವನ್ನು ಕಳೆದುಕೊಂಡವರಾಗುತ್ತೇವೆ.