ಕಣ್ಣಿಗೆ ಕಾಣದ ದಲ್ಲಾಳಿ

ಮೈಸೂರು ರೇಷ್ಮೆಯ ಸೀರೆಯನ್ನು ಕೈಗೆತ್ತಿಕೊಂಡ ಗೃಹಿಣಿಗೆ ಅದರ ಬಣ್ಣ, ಅಂಚು, ಜರಿ ಕಾಣುತ್ತವೆ. ಅದು ನಡೆದು ಬಂದ ದಾರಿ ಕಾಣುವುದಿಲ್ಲ. ಹಿಪ್ಪುನೇರಳೆಯ ತೋಟದಿಂದ ಗೂಡಿನ ಮಾರುಕಟ್ಟೆಗೆ, ಅಲ್ಲಿಂದ, ನಂಜನಗೂಡನ್ನು ದಾಟಿ ಬಂದ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ನೂಲು ತೆಗೆಯುವ ಕಾರ್ಖಾನೆಗೆ, ಮುಂದೆ 1912ರಲ್ಲಿ ಆರಂಭವಾದ ಮೈಸೂರಿನ ನೇಯ್ಗೆ ಕಾರ್ಖಾನೆಗೆ, ಕೊನೆಗೆ ಅಂಗಡಿಗೆ. ಈ ಎರಡು ಕಾರ್ಖಾನೆಗಳೂ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿದವು.

ನಂಜನಗೂಡಿನ ರಸಬಾಳೆ ಮಾಗಿದ ಮೇಲೆ ಕಾಯದು, ಗೂಡೂ ಹಾಗೆಯೇ. ಹುಳು ಗೂಡು ಕಟ್ಟತೊಡಗಿದ ಸುಮಾರು ಎರಡು ವಾರಗಳಲ್ಲಿ ಚಿಟ್ಟೆ ಅದನ್ನು ತೂತುಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಅಖಂಡವಾದ ಎಳೆ ದೊರೆಯದು. ಇತ್ತ ಬೆಳೆಗಾರನಿಗೆ ಅವಸರ; ಅತ್ತ ಅಂಗಡಿಯ ಬೇಡಿಕೆ ಅನಿಶ್ಚಿತ. ಸರಪಳಿಯಲ್ಲಿ ಪ್ರತಿಯೊಬ್ಬನೂ ಪಕ್ಕದವನ ಬೇಡಿಕೆಯನ್ನಷ್ಟೇ ನೋಡಿ ಸರಕು ತರಿಸಿದರೆ, ಅಂಗಡಿಯ ಸಣ್ಣ ಏರಿಳಿತ ಹಿಂದೆ ಹಿಂದೆ ಹೋದಂತೆ ದೊಡ್ಡ ಅಲೆಯಾಗುವುದೆಂದು ಅಮೆರಿಕದ ಜೇ ಫಾರೆಸ್ಟರ್ 1961ರಲ್ಲಿಯೇ ತೋರಿಸಿದರು. ಆ ಅಲೆಯ ಹೊಡೆತ ಕೊನೆಗೆ ತೋಟಕ್ಕೆ ತಾನೆ?

ಇದಕ್ಕೆ ಪರಿಹಾರವಾಗಿ ವಿಜ್ಞಾನಿಗಳು ಸೂಚಿಸುವುದು ಕಂಪ್ಯೂಟರಿನೊಳಗಿನ ಬುದ್ಧಿವಂತ ಪ್ರತಿನಿಧಿಗಳನ್ನು. ಪ್ರತಿ ಘಟಕಕ್ಕೂ ಒಂದೊಂದು ತಂತ್ರಾಂಶ. ತನ್ನ ದಾಸ್ತಾನು, ಬೇಡಿಕೆ, ಬೆಲೆಯ ಮಿತಿಗಳನ್ನು ಅದು ಬಲ್ಲದು. ರೀಡ್ ಸ್ಮಿತ್ ಎಂಬವರು 1980ರಲ್ಲಿ ಪ್ರಕಟಿಸಿದ ಪದ್ಧತಿಯಂತೆ ಒಂದು ಪ್ರತಿನಿಧಿ ಕೆಲಸವನ್ನು ಸಾರುತ್ತದೆ. ಉಳಿದವು ಸವಾಲು ಕೂಗುತ್ತವೆ. ತಕ್ಕುದಕ್ಕೆ ಕೆಲಸ ದಕ್ಕುತ್ತದೆ. ನಮ್ಮ ಸಂತೆಯ ರೀತಿಯೇ ಅಲ್ಲವೆ? ದಾರಿಯಲ್ಲಿ ಲಾರಿ ಕೆಟ್ಟಿತೆನ್ನಿ. ಯಜಮಾನನ ಅಪ್ಪಣೆಗೆ ಕಾಯದೆ ತಂತ್ರಾಂಶವು ಕ್ಷಣದಲ್ಲಿ ಇನ್ನೊಂದನ್ನು ಗೊತ್ತುಮಾಡುತ್ತದೆ. 2003ರಲ್ಲಿ ಇಂತಹ ಪ್ರತಿನಿಧಿಗಳಿಗೆ ಅಂತರರಾಷ್ಟ್ರೀಯ ಸ್ಪರ್ಧೆಯೊಂದೂ ಆರಂಭವಾಯಿತು: ಬಿಡಿಭಾಗಗಳನ್ನು ಕೊಂಡು, ಕಂಪ್ಯೂಟರು ಜೋಡಿಸಿ ಮಾರುವ ಕಾಲ್ಪನಿಕ ವ್ಯಾಪಾರ.

ಆದರೆ ಈ ದಲ್ಲಾಳಿ ಯಾರ ಆಳು? ಅಗ್ಗವಾಗಿ ಕೊಳ್ಳುವುದೊಂದನ್ನೇ ಅದಕ್ಕೆ ಬೋಧಿಸಿದರೆ, ಗೂಡಿನೊಳಗಿನ ಚಿಟ್ಟೆಯ ದಿನವನ್ನೆಣಿಸುತ್ತ ಅದು ಕೊನೆಯ ಗಳಿಗೆಯವರೆಗೂ ಸುಮ್ಮನಿದ್ದೀತು. ಅದಕ್ಕೆ ಹಸಿವಿಲ್ಲ, ಆಯಾಸವಿಲ್ಲ. ಮಾರಬಂದವನಿಗೆ ಎರಡೂ ಉಂಟು. ರಾಮನಗರದ ಗೂಡಿನ ಮಾರುಕಟ್ಟೆಗೆ ಇ-ಹರಾಜು ಈಗಾಗಲೇ ಬಂದಿದೆ. ಮೊಬೈಲಿನಲ್ಲಿ ಬೆಲೆಯನ್ನು ಒತ್ತುವ ಬೆರಳು ಮನುಷ್ಯನದು. ನಾಳೆ ಆ ಬೆರಳೂ ತಂತ್ರಾಂಶದ್ದಾಗಬಹುದು. ಆಗ ಬೆಳೆಗಾರರ ಸಹಕಾರ ಸಂಘಕ್ಕೂ ತನ್ನದೇ ಪ್ರತಿನಿಧಿಯಿರಬೇಕು. ಇಳಿಯಬಾರದ ಬೆಲೆಯೊಂದು ಮೊದಲೇ ಗೊತ್ತಾಗಿರಬೇಕು. ಪ್ರತಿ ತೀರ್ಮಾನದ ಕಾರಣವೂ ದಾಖಲಾಗಬೇಕು. ತಪ್ಪಾದಾಗ ತಡೆಯಬಲ್ಲ ಮನುಷ್ಯನೊಬ್ಬನಿರಬೇಕು. ಇಷ್ಟಾದರೆ ಯಂತ್ರದ ಜಾಣತನ ನೂಲನ್ನೂ ಉಳಿಸೀತು, ನೂಲಿಗೆ ಮೂಲವಾದ ಮನೆಯನ್ನೂ ಉಳಿಸೀತು.