ಟಗರುಮರಿಯ ಲೆಕ್ಕ

ಕುರಿಯ ವಯಸ್ಸು ಅದರ ಬಾಯಲ್ಲಿದೆ. ಕೆಳದವಡೆಯ ಮುಂದೆ ಎಂಟು ಹಲ್ಲು. ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ, ಗಟ್ಟಿ ವಸಡು ಮಾತ್ರ. ಹಾಲುಹಲ್ಲು ಬಿದ್ದು ನಡುವೆ ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ ದಾಟಿದೆ ಎಂದರ್ಥ. ನಾಲ್ಕಾದರೆ ಎರಡು ವರ್ಷದ ಆಸುಪಾಸು. ಎಂಟೂ ಬಂದರೆ ಬಾಯಿ ಕೂಡಿತು, ಹೆಚ್ಚುಕಡಿಮೆ ನಾಲ್ಕು ವರ್ಷ. ಸಿರುಗುಪ್ಪ ಕಡೆಯ ಕುರಿಗಾಹಿ ಮನೆಯ ಮಗು ಇದನ್ನು ಪುಸ್ತಕದಿಂದ ಕಲಿಯುವುದಿಲ್ಲ, ಕುರಿಯ ಬಾಯಿ ಬಿಡಿಸಿ ನೋಡುತ್ತಲೇ ಕಲಿಯುತ್ತದೆ. ಬಳ್ಳಾರಿ ನಗರದಲ್ಲಿ ಅದೇ ವಯಸ್ಸಿನ ಮಗುವಿಗೆ ಮಟನ್ ಎಂದರೆ ಭಾನುವಾರ ಬೆಳಿಗ್ಗೆ ಅಪ್ಪ ಚೀಲದಲ್ಲಿ ಹಿಡಿದು ತರುವ ಪದಾರ್ಥ. ಬಸ್ಸಿನಲ್ಲಿ ಎರಡು ಗಂಟೆಯೂ ಆಗದ ದಾರಿ ಈ ಇಬ್ಬರ ನಡುವೆ.

ತಟ್ಟೆಯ ಮಾಂಸ ಎಲ್ಲಿಂದ ಬಂತು ಎಂಬುದನ್ನು ಪ್ರಾಣಿ ಸಾಕಿಯೇ ಮಕ್ಕಳಿಗೆ ತಿಳಿಸಬೇಕೆಂದು ಹೊರಟ ಶಾಲೆಗಳು ಪ್ರಪಂಚದಲ್ಲಿ ಕೆಲವಿವೆ. ಅದಕ್ಕಾಗಿ ಅವು ಹೊಸದಾಗಿ ಕೊಟ್ಟಿಗೆ ಕಟ್ಟಬೇಕಾಯಿತು. ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಸೀಮೆಯಲ್ಲಿ ಆ ಶಾಲೆ ಈಗಾಗಲೇ ಇದೆ. ಅದರ ಹೆಸರು ಕುರಿಹಟ್ಟಿ.

ಈ ಜಿಲ್ಲೆಯ ಹೆಸರನ್ನೇ ಹೊತ್ತ ಕುರಿ ತಳಿಯೊಂದಿದೆ. ಬಳ್ಳಾರಿ ಕುರಿ ಬಿಳಿಯಿಂದ ಹಿಡಿದು ಕಪ್ಪು-ಬಿಳಿ ಮಿಶ್ರ, ಅಚ್ಚ ಕಪ್ಪಿನವರೆಗೆ ಹಲವು ಬಣ್ಣಗಳಲ್ಲಿ ಸಿಗುತ್ತದೆ. ಜೋಲುಕಿವಿ, ತೆಳ್ಳನೆಯ ಗಿಡ್ಡ ಬಾಲ. ಟಗರುಗಳಲ್ಲಿ ಮೂರರಲ್ಲಿ ಒಂದಕ್ಕೆ ಕೊಂಬಿದ್ದರೆ ಹೆಣ್ಣುಕುರಿ ಸಾಮಾನ್ಯವಾಗಿ ಬೋಳು. ಉಣ್ಣೆ ಬಲು ಒರಟು, ಕಂಬಳಿಗೆ ಮಾತ್ರ ಒಗ್ಗುವಂಥದ್ದು. ಭತ್ತದ ಕೊಯ್ಲು ಮುಗಿದು ತುಂಗಭದ್ರಾ ಕಾಲುವೆಯ ಕೆಳಗಿನ ಗದ್ದೆಗಳು ಖಾಲಿಯಾದಾಗ ಹಿಂಡುಗಳು ಅಲ್ಲಿಗೆ ಇಳಿಯುತ್ತವೆ. ಹಗಲು ಕೂಳೆ ಮೇಯುತ್ತವೆ, ರಾತ್ರಿ ಅದೇ ಗದ್ದೆಯಲ್ಲಿ ಮಲಗುತ್ತವೆ. ಹಿಕ್ಕೆ, ಗಂಜಲ ನೆಲಕ್ಕೆ ಸೇರಲೆಂದು ರೈತ ರಾತ್ರಿಗಿಷ್ಟು ಎಂದು ಕಾಳನ್ನೋ ಹಣವನ್ನೋ ಕೊಡುತ್ತಾನೆ. ಮಾಂಸ ಮುಟ್ಟದ ಮನೆಯ ಅನ್ನವೂ ಎಷ್ಟೋ ಸಲ ಈ ಹಿಕ್ಕೆಯಿಂದಲೇ ಬೆಳೆದದ್ದು. ಕುರಿಯ ಪಾಠ ಎಲ್ಲ ಮಕ್ಕಳಿಗೂ ಬೇಕು ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಹಟ್ಟಿಯ ಮಗುವಿಗೆ ಮೊದಲು ಸಿಗುವ ಕೆಲಸ ಮರಿ ನೋಡಿಕೊಳ್ಳುವುದು. ಕುರಿ ಗಬ್ಬವಾಗಿ ಸುಮಾರು 150 ದಿನಕ್ಕೆ ಈಯುತ್ತದೆ, ಸಾಮಾನ್ಯವಾಗಿ ಒಂದೇ ಮರಿ. ದೊಡ್ಡವು ಮೇಯಲು ಹೋದಾಗ ಎಳೆಮರಿಗಳು ಹಟ್ಟಿಯಲ್ಲೇ ಉಳಿಯುತ್ತವೆ. ಸಂಜೆ ಹಿಂಡು ಮರಳಿದಾಗ ಯಾವ ಮರಿ ಯಾವ ತಾಯಿಯದು ಎಂದು ಗುರುತಿಸಿ ಬಿಡಬೇಕು. ಕೆಲವು ಕುರಿಗಳು ತಮ್ಮ ಮರಿಯನ್ನೇ ಒದೆಯುತ್ತವೆ. ಆಗ ತಾಯಿಯನ್ನು ಹಿಡಿದು ನಿಲ್ಲಿಸಿ ಕುಡಿಸಬೇಕು. ತಬ್ಬಲಿ ಮರಿಗೆ ಹಾಲೂಡಿಸಲೆಂದೇ ಹಿಂಡಿನ ಜತೆ ಒಂದೆರಡು ಮೇಕೆ ಇರುತ್ತವೆ. ನೂರಾರು ಕುರಿಗಳಲ್ಲಿ ಒಂದು ಕುಂಟಿದರೂ, ಮೇವು ಬಿಟ್ಟು ನಿಂತರೂ, ನೀಲಿನಾಲಿಗೆ ರೋಗಕ್ಕೆ ಮೂತಿ ಊದಿ ಜೊಲ್ಲು ಸುರಿದರೂ ಆ ಮಗುವಿನ ಕಣ್ಣಿಗೆ ಬೀಳುತ್ತದೆ.

ಇನ್ನು ಮಾಂಸದ ಮಾತು. ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಗಂಡು. ಇಪ್ಪತ್ತೈದು-ಮೂವತ್ತು ಹೆಣ್ಣುಕುರಿಗೆ ಒಂದು ಬೀಜದ ಟಗರು ಸಾಕು. ಉಳಿದ ಗಂಡುಮರಿಗಳು ಏನಾಗಬೇಕು? ಉಣ್ಣೆಯ ಕಾಸು ಕತ್ತರಿಸಿದ ಕೂಲಿಗೂ ಸಾಲದ ಕಾಲ ಇದು. ಹೆಣ್ಣುಮರಿ ಹಿಂಡಿನಲ್ಲಿ ಉಳಿದು ಹಿಂಡನ್ನು ಬೆಳೆಸುತ್ತದೆ. ಗಂಡುಮರಿ ಮೂರ್ನಾಲ್ಕು ತಿಂಗಳಿಗೋ ಇನ್ನಷ್ಟು ಮೇಯ್ದ ಮೇಲೋ ಸಂತೆಗೆ ಹೋಗುತ್ತದೆ. ಮಗಳ ಮದುವೆ, ಮಗನ ಹಾಸ್ಟೆಲ್ಲು, ಆಸ್ಪತ್ರೆ, ಎಲ್ಲವೂ ಆ ಗಂಡುಮರಿಯಿಂದ. ನಗರದ ಅಂಗಡಿಯಲ್ಲಿ ತೂಗುವ ಮಾಂಸದಲ್ಲಿ ಬಹುಪಾಲು ಅದೇ. ಬದುಕಿದ್ದಾಗಿನ ತೂಕದ ಅರ್ಧದಷ್ಟು ಮಾತ್ರ ಅಲ್ಲಿ ಮಾಂಸವಾಗಿ ಉಳಿದಿರುತ್ತದೆ. ಐದನೇ ತರಗತಿಯ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಗೊತ್ತಿಲ್ಲ.

ಮೊದಲು ಹೇಳಿದ, ಪ್ರಾಣಿ ಸಾಕಿ ಕಲಿಸಲು ಹೊರಟ ಶಾಲೆಗಳಲ್ಲಿ ಎರಡರ ಕಥೆ ನೋಡಿ. 1990ರಲ್ಲಿ ಜಪಾನಿನ ಒಸಾಕಾ ಪ್ರಾಂತದ ಶಾಲೆಯೊಂದರಲ್ಲಿ ಯಾಸುಫುಮಿ ಕುರೋಡಾ ಎಂಬ ಎಳೆಯ ಮೇಷ್ಟರು ನಾಲ್ಕನೇ ತರಗತಿಯ ಮಕ್ಕಳಿಗೆ ಹಂದಿಮರಿಯೊಂದನ್ನು ತಂದುಕೊಟ್ಟರು. ಸಾಕಿ, ಕೊನೆಗೆ ತಿನ್ನುವುದು ಎಂಬುದು ಯೋಜನೆ. ಮಕ್ಕಳು ಪೀ-ಚಾನ್ ಎಂದು ಹೆಸರಿಟ್ಟರು, ಗೂಡು ಕಟ್ಟಿದರು, ಸಗಣಿ ಬಾಚಿದರು. ಆರನೇ ತರಗತಿ ಮುಗಿಯುವ ಹೊತ್ತಿಗೆ 32 ಮಕ್ಕಳು ಏನು ಮಾಡಬೇಕೆಂದು ತೀರ್ಮಾನಿಸಲಾಗದೆ ಅತ್ತು, ವಾದಿಸಿ, ಹೋಳಾದರು. ಹಂದಿ ಕೊನೆಗೆ ಮಾಂಸ ಕೇಂದ್ರಕ್ಕೆ ಹೋಯಿತು. 2008ರಲ್ಲಿ ಈ ಕಥೆ ಸಿನಿಮಾ ಕೂಡ ಆಯಿತು. 2009ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಲಿಡ್ ಊರಿನ ಶಾಲೆ ಮಾರ್ಕಸ್ ಎಂಬ ಕುರಿಮರಿ ಸಾಕಿತು. ಅದನ್ನು ಕಸಾಯಿಖಾನೆಗೆ ಕಳಿಸಬೇಕೆಂದು ಶಾಲೆಯ ಮಕ್ಕಳ ಮಂಡಳಿ 13-1 ಮತದಿಂದ ನಿರ್ಧರಿಸಿತು. ದೊಡ್ಡವರು ದೇಶದಾದ್ಯಂತ ಗದ್ದಲವೆಬ್ಬಿಸಿದರು.

ಜಪಾನಿನ ಆ ಮೇಷ್ಟರ ಧೈರ್ಯಕ್ಕೆ ನನ್ನ ಗೌರವವಿದೆ. ಆದರೆ ಒಂದೇ ಪ್ರಾಣಿ ತಂದು, ಹೆಸರಿಟ್ಟು, ಮುದ್ದಿಸಿ, ಆಮೇಲೆ ಕೊಲ್ಲಬೇಕೋ ಬೇಡವೋ ಎಂದು ಹನ್ನೆರಡು ವರ್ಷದ ಮಗುವನ್ನು ಕೇಳುವುದು ಕ್ರೂರ. ಹಟ್ಟಿಯಲ್ಲಿ ಮಗು ನೋಡುವುದು ಇಡೀ ಹಿಂಡನ್ನು. ಈದದ್ದು, ಸತ್ತದ್ದು, ಮಾರಿದ್ದು, ಉಳಿದದ್ದು ಎಲ್ಲವೂ ಅದರ ಕಣ್ಣ ಮುಂದೆಯೇ. ಅಲ್ಲಿಯೂ ನೋವಿದೆ. ಬಾಟಲಿ ಹಾಲು ಕುಡಿಸಿ ಬೆಳೆಸಿದ ಮರಿ ಸಂತೆಗೆ ಹೋದ ದಿನ ಊಟ ಬಿಡುವ ಮಕ್ಕಳಿದ್ದಾರೆ. ಆದರೆ ಆ ನಿರ್ಧಾರದ ಭಾರ ಮಗುವಿನ ಹೆಗಲ ಮೇಲಿಲ್ಲ. ಹಿರಿಯರು ಹೊತ್ತಿದ್ದಾರೆ, ಕಾರಣವನ್ನೂ ಹೇಳುತ್ತಾರೆ.

ಈ ಪಾಠ ಇಲ್ಲಿ ಎಷ್ಟು ಹಳೆಯದು ಎಂದು ನೋಡಬೇಕಾದರೆ ಬಳ್ಳಾರಿಯ ಹೊರವಲಯದ ಸಂಗನಕಲ್ಲಿಗೆ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಗೆ ಹೋಗಬೇಕು. ಎರಡೂ ನವಶಿಲಾಯುಗದ ನೆಲೆಗಳು. ಬಳ್ಳಾರಿ-ಹೊಸಪೇಟೆ ದಾರಿಯ ಕುಡುತಿನಿಯಲ್ಲಿರುವ ಬೂದಿದಿಬ್ಬ ನಾಲ್ಕೈದು ಸಾವಿರ ವರ್ಷಗಳ ಹಿಂದಿನವರು ದನ ಕೂಡಿಹಾಕಿದ ಜಾಗದ ಸಗಣಿ ರಾಶಿ, ಮತ್ತೆ ಮತ್ತೆ ಸುಟ್ಟು ಬೂದಿಯಾದದ್ದು. ಹಂಪಿಯ ಬಳಿಯ ನಿಂಬಾಪುರದಲ್ಲಿರುವ ಇಂಥದ್ದೇ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮ ಎನ್ನುತ್ತಾರೆ. ತೆಲಂಗಾಣದ ಉತ್ನೂರಿನ ಬೂದಿದಿಬ್ಬ ಅಗೆದ ಪುರಾತತ್ವಜ್ಞ ಆಲ್ಚಿನ್ ಅವರಿಗೆ ಅಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರ ಉತ್ಖನನ ಪ್ರಾಣಿಗಳನ್ನು ಕಡಿದು ಪಾಲು ಮಾಡುತ್ತಿದ್ದ ನೆಲವನ್ನೇ ಬಯಲಿಗೆ ತಂದಿತು. ಸಾಕಿದವರು, ಪೂಜಿಸಿದವರು, ತಿಂದವರು ಬೇರೆ ಬೇರೆ ಜನರಾಗಿರಲಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಬೃಹತ್ ಬಸವನ ಮುಂದೆ ನಿಂತಾಗಲೂ ನನಗೆ ದನಗಾಹಿಗಳ ಆ ದೀರ್ಘ ಚರಿತ್ರೆ ನೆನಪಾಗುತ್ತದೆ. ಸಂಗನಕಲ್ಲಿನ ಶೋಧಗಳಿಗಾಗಿ ಬಳ್ಳಾರಿ ನಗರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವಿದೆ. ಶಾಲಾ ಪ್ರವಾಸದ ಬಸ್ಸು ಹಂಪಿಗೆ ಓಡುವ ಮೊದಲು ಅಲ್ಲಿ ನಿಲ್ಲಬೇಕು.

ಮಕ್ಕಳ ತಟ್ಟೆಯ ಮೇಲೆ ನಾವು ಜಗಳವಾಡಿದ್ದೇ ಹೆಚ್ಚು. 2021ರ ಡಿಸೆಂಬರಿನಲ್ಲಿ ಬಳ್ಳಾರಿಯೂ ಸೇರಿ ಕೆಲವು ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ರಾಜ್ಯವಿಡೀ ವಾದ ನಡೆಯಿತು. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು ಕೊಟ್ಟರು, ಅದು ಸರಿಯಾದ ದಾರಿ. ಆದರೆ ಕೋಳಿಯ ಬಗ್ಗೆ, ಸಾಕುವವರ ಬಗ್ಗೆ ತರಗತಿಯಲ್ಲಿ ಒಂದು ಪಾಠವೂ ಆ ನೆಪದಲ್ಲಿ ಹುಟ್ಟಬೇಕಿತ್ತು.

ಹಿಂಡಿನ ಜತೆ ಊರು ಬಿಟ್ಟು ತಿಂಗಳುಗಟ್ಟಲೆ ಹೋಗಿ ಬರುವ ಮಗು ಶಾಲೆಯ ಲೆಕ್ಕದಲ್ಲಿ ಗೈರುಹಾಜರಿ. ಮಕ್ಕಳು ಶಾಲೆಯಲ್ಲೇ ಇರಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮರಳಿ ಬಂದ ಮಗುವನ್ನು ದಡ್ಡನ ಬೆಂಚಿಗೆ ಕೂರಿಸುವುದು ಅನ್ಯಾಯ. ಸಿರುಗುಪ್ಪದ ಗದ್ದೆಗೆ ಹಿಂಡು ಇಳಿದ ವಾರ, ಹತ್ತಿರದ ಶಾಲೆ ಒಂದು ಬೆಳಿಗ್ಗೆಯನ್ನು ಹಟ್ಟಿಗೆ ಮೀಸಲಿಡಲಿ. ಕುರಿಗಾಹಿ ಹಿರಿಯರೇ ಅಂದಿನ ಮೇಷ್ಟರು, ಅವರ ಮನೆಯ ಮಗು ಸಹಾಯಕ. ಹಲ್ಲು ಎಣಿಸುವುದು, ಕಿವಿಯ ಗುರುತು ಓದುವುದು, ಗಂಡು-ಹೆಣ್ಣು ಮರಿಗಳ ಪಟ್ಟಿ ಮಾಡುವುದು. ಪಶುವೈದ್ಯರು ಬಂದರೆ ಹೈಸ್ಕೂಲು ಮಕ್ಕಳಿಗೆ ಇನ್ನೊಂದಿಷ್ಟು ಹೇಳಬಹುದು: 2001ರ ಕಸಾಯಿಖಾನೆ ನಿಯಮದ ಪ್ರಕಾರ ಗಬ್ಬದ ಪ್ರಾಣಿಯನ್ನೂ ಮೂರು ತಿಂಗಳೊಳಗಿನ ಮರಿಯನ್ನೂ ಕಡಿಯುವಂತಿಲ್ಲ, ಒಬ್ಬ ವೈದ್ಯ ಗಂಟೆಗೆ 12ಕ್ಕಿಂತ ಹೆಚ್ಚು ಪ್ರಾಣಿ ಪರೀಕ್ಷಿಸುವಂತಿಲ್ಲ. ಇದಕ್ಕೆ ಬೇಕಾದದ್ದು ಹಿಂಡು ಯಾವ ಗದ್ದೆಯಲ್ಲಿದೆ ಎಂದು ತಿಳಿದ ಒಬ್ಬ ಮುಖ್ಯಶಿಕ್ಷಕ ಮತ್ತು ಬಿಸಿಲೇರುವ ಮುಂಚೆ ಹೊರಡುವ ಒಂದು ತರಗತಿ. ಎಂಟು ಗಂಟೆ ದಾಟಿದರೆ ಕುರಿ ಮೇಯಲು ಹೋಗಿಬಿಡುತ್ತವೆ.