ಗಾಲ್ಫ್ ಆಟದಲ್ಲಿ ಅಭ್ಯಾಸದ ಗ್ರೀನ್ ಮತ್ತು ಮೈದಾನದ ಗ್ರೀನ್: ಒಂದು ತುಲನೆ

ಗಾಲ್ಫ್ ಆಟವನ್ನು ದೂರದಿಂದ ನೋಡಿದವರಿಗೆ ಅದು ಚೆಂಡನ್ನು ಬಹುದೂರಕ್ಕೆ ಹೊಡೆಯುವ ಆಟವೆಂದು ತೋರುವುದು ಸಹಜ. ಆದರೆ ಎಣಿಕೆಯು ಬೇರೆಯೇ ಸಾಕ್ಷ್ಯವನ್ನು ನುಡಿಯುತ್ತದೆ. ಹದಿನೆಂಟು ಕುಳಿಗಳ ಮೈದಾನವೊಂದಕ್ಕೆ 72 ಹೊಡೆತಗಳು ಪ್ರಮಾಣವೆಂದು ಗೊತ್ತುಪಡಿಸಿದಾಗ, ಕುಳಿಗೆ ಎರಡರಂತೆ 36 ಹೊಡೆತಗಳನ್ನು ಗ್ರೀನಿನ ಮೇಲಿನ ಆಟಕ್ಕೇ ಮೀಸಲಿಟ್ಟಿರುತ್ತಾರೆ. ಗ್ರೀನ್ ಎಂದರೆ ಕುಳಿಯ ಸುತ್ತ ಅತಿ ಗಿಡ್ಡವಾಗಿ ಕತ್ತರಿಸಿ ನುಣುಪುಗೊಳಿಸಿದ ಹುಲ್ಲುನೆಲ. ಅದರ ಮೇಲೆ ಪಟರ್ ಎಂಬ ದಾಂಡಿನಿಂದ ಚೆಂಡನ್ನು ಉರುಳಿಸುವ ಹೊಡೆತಕ್ಕೆ ಪಟ್ ಎಂದು ಹೆಸರು.

ಬಹುತೇಕ ಗಾಲ್ಫ್ ಸಂಸ್ಥೆಗಳಲ್ಲಿ ಆಟದ ಗ್ರೀನುಗಳಲ್ಲದೆ ಅಭ್ಯಾಸಕ್ಕೆಂದೇ ಇನ್ನೊಂದು ಗ್ರೀನ್ ಇರುತ್ತದೆ. ಆಟಗಾರನು ಆಟಕ್ಕೆ ಮೊದಲು ಅಲ್ಲಿ ನಿಂತು ತನ್ನ ಕೈಯ ಅಳತೆಯನ್ನು ಸರಿಪಡಿಸಿಕೊಳ್ಳುತ್ತಾನೆ. ಹೀಗೆ ಸರಿಪಡಿಸಿಕೊಂಡ ಅಳತೆ ಮೊದಲನೆಯ ಕುಳಿಯಲ್ಲಿ ನಿಜವಾಗುವುದೇ? ಎರಡು ನೆಲಗಳೂ ಒಂದೇ ಬಗೆಯವೇ? ಅಲ್ಲವಾದರೆ ಅಭ್ಯಾಸದಿಂದ ಪ್ರಯೋಜನವೇನು? ಈ ಪ್ರಶ್ನೆಗಳನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲಾಗಿದೆ. ಗಾಲ್ಫ್ ಆಡದ ವಾಚಕರಿಗೂ ಇದರಲ್ಲಿ ಆಸಕ್ತಿಯಿರಬಹುದು. ಏಕೆಂದರೆ ಒಂದು ಸ್ಥಳದಲ್ಲಿ ಮಾಡಿದ ಪರೀಕ್ಷೆಯಿಂದ ಇನ್ನೊಂದು ಸ್ಥಳದ ಬಗ್ಗೆ ಎಷ್ಟರಮಟ್ಟಿಗೆ ಹೇಳಬಹುದೆಂಬುದು ಎಲ್ಲ ಪ್ರಯೋಗಶಾಸ್ತ್ರಗಳಿಗೂ ಸಮಾನವಾದ ಸಮಸ್ಯೆ.

ವೇಗದ ಅಳತೆ

ತುಲನೆಗೆ ಮೊದಲು ಮಾನವೊಂದು ಬೇಕು. 1935ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಓಕ್‌ಮಾಂಟ್ ಮೈದಾನದಲ್ಲಿ ಅಮೆರಿಕದ ಓಪನ್ ಪಂದ್ಯಗಳು ನಡೆದಾಗ, ಪ್ರಸಿದ್ಧ ಆಟಗಾರ ಜೀನ್ ಸಾರಜೆನ್ ಹೊಡೆದ ಪಟ್ ಒಂದು ಗ್ರೀನನ್ನೇ ದಾಟಿ ಉರುಳಿಹೋಯಿತು. ಅದನ್ನು ಕಂಡ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಹವ್ಯಾಸಿ ಆಟಗಾರನಿಗೆ ಗ್ರೀನಿನ ವೇಗವು ಮಿತಿಮೀರಿದೆಯೆಂದು ತೋರಿತು. ಅದನ್ನು ಸಿದ್ಧಪಡಿಸಲು ಆತನು ಮರದ ಇಳಿಜಾರು ಹಲಗೆಯೊಂದನ್ನು ರಚಿಸಿದನು. ಇದೇ ಸ್ಟಿಂಪ್‌ಮೀಟರ್. 1976ರಲ್ಲಿ ಅಮೆರಿಕದ ಗಾಲ್ಫ್ ಸಂಘದ ಫ್ರಾಂಕ್ ಥಾಮಸ್ ಅದನ್ನು ಅಲ್ಯೂಮಿನಿಯಂ ಲೋಹದಲ್ಲಿ ಮಾರ್ಪಡಿಸಿದನು. 1978ರಿಂದ ಅದು ಮೈದಾನಪಾಲಕರಿಗೆ ದೊರೆಯತೊಡಗಿತು.

ಸಾಧನವು ಸರಳವಾದುದು. ಮೂರು ಅಡಿ ಉದ್ದದ ಕೋಲಿನಲ್ಲಿ ಚೆಂಡು ಉರುಳಲು ತಕ್ಕ ಗಾಡಿಯಿದೆ. ಕೆಳತುದಿಯಿಂದ 30 ಅಂಗುಲ ದೂರದಲ್ಲಿ ಚೆಂಡನ್ನಿಡುವ ಕಚ್ಚು ಇದೆ. ಕೋಲನ್ನು ಮೆಲ್ಲನೆ ಎತ್ತುತ್ತ ಬಂದರೆ ಸುಮಾರು 20 ಅಂಶಗಳ ಕೋನದಲ್ಲಿ ಚೆಂಡು ಕಚ್ಚಿನಿಂದ ತಾನೇ ಬಿಡುಗಡೆಯಾಗಿ, ಸೆಕೆಂಡಿಗೆ ಸುಮಾರು ಆರು ಅಡಿ, ಎಂದರೆ 1.83 ಮೀಟರ್ ವೇಗದಿಂದ ಹುಲ್ಲಿನ ಮೇಲೆ ಇಳಿಯುತ್ತದೆ. ಅದು ಉರುಳಿ ನಿಲ್ಲುವ ದೂರವನ್ನು ಅಡಿಗಳಲ್ಲಿ ಅಳೆಯುತ್ತಾರೆ. ಸಮತಟ್ಟಾದ ಜಾಗದಲ್ಲಿ ಮೂರು ಚೆಂಡುಗಳನ್ನು ಒಂದು ದಿಕ್ಕಿಗೂ, ಅದೇ ಗೆರೆಯಲ್ಲಿ ಮೂರನ್ನು ಎದುರು ದಿಕ್ಕಿಗೂ ಬಿಟ್ಟು ಸರಾಸರಿಯನ್ನು ತೆಗೆಯುತ್ತಾರೆ. ದೂರವು ಹತ್ತು ಅಡಿಯಾದರೆ ಗ್ರೀನಿನ ವೇಗ ಹತ್ತು. ಇಲ್ಲಿ ವೇಗವೆಂಬುದು ಚೆಂಡಿನ ವೇಗವಲ್ಲ, ನೆಲದ ತಡೆ ಎಷ್ಟು ಅಲ್ಪವೆಂಬುದರ ಸೂಚಕ. ಭೌತಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ವೇಗ ಹತ್ತಾದಾಗ ಉರುಳುವಿಕೆಯ ತಡೆಯ ಗುಣಾಂಕ ಸುಮಾರು 0.056, ಎಂಟಾದಾಗ 0.070, ಹನ್ನೆರಡಾದಾಗ 0.047.

ವ್ಯತ್ಯಾಸದ ಕಾರಣಗಳು

ಒಂದೇ ಸಂಸ್ಥೆಯ ಎರಡು ಗ್ರೀನುಗಳ ವೇಗ ಭಿನ್ನವಾಗಲು ಅನೇಕ ಕಾರಣಗಳುಂಟು. ಮೊದಲನೆಯದು ನೆಲದ ಕಟ್ಟಡ. ಹಳೆಯ ಗ್ರೀನುಗಳನ್ನು ಸ್ಥಳದಲ್ಲಿಯೇ ದೊರೆತ ಮಣ್ಣನ್ನು ಎತ್ತರಿಸಿ ಮಾಡುತ್ತಿದ್ದರು. 1960ರಲ್ಲಿ ಅಮೆರಿಕದ ಗಾಲ್ಫ್ ಸಂಘವು ಬೇರೊಂದು ವಿಧಾನವನ್ನು ಪ್ರಕಟಿಸಿತು: ಕೆಳಗೆ ನಾಲ್ಕು ಅಂಗುಲ ಜಲ್ಲಿ, ಮೇಲೆ ಹನ್ನೆರಡು ಅಂಗುಲ ಮರಳುಪ್ರಧಾನವಾದ ಬೇರುನೆಲ. ಸೂಕ್ಷ್ಮರಂಧ್ರಗಳ ಮರಳು ಹುಲ್ಲಿಗೆ ಬೇಕಾದಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚಾದುದು ಜಲ್ಲಿಗೆ ಇಳಿದುಹೋಗುತ್ತದೆ. ಅಭ್ಯಾಸದ ಗ್ರೀನನ್ನು ಉಳಿದವುಗಳಿಗಿಂತ ಮೊದಲೋ ಅನಂತರವೋ ಬೇರೆ ವಿಧಾನದಿಂದ ಕಟ್ಟಿದ್ದರೆ, ಒಂದೇ ಮಳೆಗೆ ಎರಡೂ ಒಂದೇ ರೀತಿಯಾಗಿ ಒಣಗಲಾರವು.

ಎರಡನೆಯದು ತುಳಿತ. ಮೈದಾನದ ಗ್ರೀನಿನಲ್ಲಿ ಒಂದು ತಂಡ ಕೆಲವೇ ನಿಮಿಷಗಳಿದ್ದು ಮುಂದೆ ಸಾಗುತ್ತದೆ. ಅಭ್ಯಾಸದ ಗ್ರೀನಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಜನರು ನಿಂತಿರುತ್ತಾರೆ. ಮೇಲಾಗಿ ಅಲ್ಲಿ ಕುಳಿಗಳು ಹಲವು; ಪ್ರತಿಯೊಂದರ ಸುತ್ತಲೂ ಹೆಜ್ಜೆಗಳು ಕೂಡುತ್ತವೆ. ತುಳಿತದಿಂದ ಮಣ್ಣು ಗಟ್ಟಿಯಾಗುತ್ತದೆ, ಹುಲ್ಲು ತೆಳುವಾಗುತ್ತದೆ. ಅದನ್ನು ಉಳಿಸಿಕೊಳ್ಳಲು ಪಾಲಕನು ಕತ್ತರಿಸುವ ಎತ್ತರವನ್ನು ಸ್ವಲ್ಪ ಹೆಚ್ಚಿಸಬಹುದು, ನೀರನ್ನು ಹೆಚ್ಚಾಗಿ ಕೊಡಬಹುದು. ಗ್ರೀನಿನ ಹುಲ್ಲನ್ನು ಸುಮಾರು ಮೂರು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುವುದು ಇಂದು ಸಾಮಾನ್ಯ; ಅಷ್ಟು ಗಿಡ್ಡವಾದ ಹುಲ್ಲಿನಲ್ಲಿ ಅರ್ಧ ಮಿಲಿಮೀಟರಿನ ಭೇದವೂ ಗಣ್ಯವಾದುದು.

ಮೂರನೆಯದು ಸ್ಥಾನ. ಅಭ್ಯಾಸದ ಗ್ರೀನ್ ಸಾಮಾನ್ಯವಾಗಿ ಕಟ್ಟಡದ ಬಳಿಯಲ್ಲಿರುವುದರಿಂದ ಗೋಡೆಯ ನೆರಳೂ ಮರಗಳ ನೆರಳೂ ಅದಕ್ಕೆ ತಗಲುತ್ತವೆ. ಗಾಳಿಯ ಸಂಚಾರ ಕಡಮೆ. ಇಬ್ಬನಿ ತಡವಾಗಿ ಆರುತ್ತದೆ. ನಾಲ್ಕನೆಯದು ಇಳಿಜಾರು. ಸೇಂಟ್ ಆಂಡ್ರೂಸ್ ನಗರದಲ್ಲಿ 1867ರಲ್ಲಿ ಸ್ಥಾಪಿತವಾದ ಮಹಿಳೆಯರ ಪಟಿಂಗ್ ಸಂಘದ ನೆಲವು ತನ್ನ ಏರುತಗ್ಗುಗಳಿಂದಾಗಿ ‘ಹಿಮಾಲಯ’ವೆಂದೇ ಹೆಸರಾಗಿದೆ. ಆದರೆ ಅಭ್ಯಾಸದ ಗ್ರೀನುಗಳಲ್ಲಿ ಇದು ಅಪವಾದ. ಅನೇಕರಿಗೆ ಏಕಕಾಲದಲ್ಲಿ ಸ್ಥಳ ಒದಗಬೇಕಾದುದರಿಂದ ಅವುಗಳನ್ನು ಬಹುಮಟ್ಟಿಗೆ ಸಮವಾಗಿಯೇ ಮಾಡುತ್ತಾರೆ.

ಹುಲ್ಲಿನ ಜಾತಿಯನ್ನೂ ಇಲ್ಲಿ ಹೇಳಬೇಕು. ಉಷ್ಣದೇಶಗಳ ಗ್ರೀನುಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ನಮಗೆ ಅಪರಿಚಿತವಾದುದಲ್ಲ. ಅದು ನಮ್ಮ ಪೂಜೆಯ ಗರಿಕೆಯೇ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಗರಿಕೆಯನ್ನು ಆಫ್ರಿಕದ ಇನ್ನೊಂದು ಜಾತಿಯೊಡನೆ ಸಂಕರಿಸಿ ಪಡೆದ ಟಿಫ್‌ಗ್ರೀನ್ ತಳಿ 1956ರಲ್ಲಿಯೂ, ಅದಕ್ಕಿಂತ ಗಿಡ್ಡವಾದ ಟಿಫ್‌ಡ್ವಾರ್ಫ್ 1965ರಲ್ಲಿಯೂ ಹೊರಬಂದವು. ಗರಿಕೆಯ ಎಲೆಗಳು ಒಂದು ದಿಕ್ಕಿಗೆ ಒರಗಿ ಬೆಳೆಯುವ ಸ್ವಭಾವದವು. ಒರಗಿದ ದಿಕ್ಕಿನಲ್ಲಿ ಚೆಂಡು ಮುಂದಕ್ಕೆ ಜಾರುತ್ತದೆ, ಎದುರಾದರೆ ಬೇಗ ನಿಲ್ಲುತ್ತದೆ. ಈ ಒರಗು ಎರಡು ಗ್ರೀನುಗಳಲ್ಲಿ ಒಂದೇ ಆಗಿರಬೇಕೆಂಬ ನಿಯಮವಿಲ್ಲ.

ಲೆಕ್ಕದಿಂದ ತಿಳಿಯುವುದೇನು?

ಅಭ್ಯಾಸದ ಗ್ರೀನಿನ ವೇಗ ಹತ್ತು ಎಂದು ಭಾವಿಸೋಣ. ಅಲ್ಲಿ ಆಟಗಾರನು ಸಮನೆಲದಲ್ಲಿ ಇಪ್ಪತ್ತು ಅಡಿ ಉರುಳುವ ಹೊಡೆತವನ್ನು ಕೈಗೆ ಹತ್ತಿಸಿಕೊಂಡಿದ್ದಾನೆ. ಅದೇ ಹೊಡೆತ ವೇಗ ಒಂಬತ್ತರ ಗ್ರೀನಿನಲ್ಲಿ ಹದಿನೆಂಟು ಅಡಿಗೆ ನಿಲ್ಲುತ್ತದೆ. ವೇಗ ಹನ್ನೊಂದರ ಗ್ರೀನಿನಲ್ಲಿ ಇಪ್ಪತ್ತೆರಡು ಅಡಿ ಹೋಗುತ್ತದೆ. ಎರಡು ಅಡಿಯ ತಪ್ಪು ಒಂದು ಹೊಡೆತವನ್ನು ಹೆಚ್ಚಿಸಿದರೂ ಮುಂದಿನದರಲ್ಲಿ ಸರಿಹೋಗಬಹುದು. ಇಷ್ಟೇ ಆಗಿದ್ದರೆ ಸಮಸ್ಯೆ ಸುಲಭವಾಗಿತ್ತು.

ಇಳಿಜಾರು ಸೇರಿದಾಗ ಸ್ಥಿತಿ ಬದಲಾಗುತ್ತದೆ. ಸಮನೆಲದಲ್ಲಿ ಇಪ್ಪತ್ತು ಅಡಿ ಉರುಳಬಲ್ಲ ಚೆಂಡನ್ನು ನೂರಕ್ಕೆ ಎರಡರಷ್ಟು ಇಳಿಜಾರಿನಲ್ಲಿ ಕೆಳಮುಖವಾಗಿ ಬಿಟ್ಟರೆ, ವೇಗ ಎಂಟರ ಗ್ರೀನಿನಲ್ಲಿ ಅದು 28 ಅಡಿ ಹೋಗುತ್ತದೆ. ವೇಗ ಹತ್ತರಲ್ಲಿ 31 ಅಡಿ. ಹನ್ನೆರಡರಲ್ಲಿ 35 ಅಡಿ. ಕಾರಣ ಸ್ಪಷ್ಟವಾಗಿದೆ. ಇಳಿಜಾರಿನ ಸೆಳೆತವು ಸ್ಥಿರವಾಗಿರುತ್ತದೆ. ಅದಕ್ಕೆ ಎದುರಾದ ತಡೆ ಮಾತ್ರ ಕಡಮೆಯಾಗುತ್ತ ಹೋಗುತ್ತದೆ. ಆದುದರಿಂದ ನೆಲ ನುಣುಪಾದಷ್ಟೂ ಇಳಿಜಾರಿನ ಪ್ರಭಾವ ಹೆಚ್ಚು. 1976–77ರಲ್ಲಿ ಅಮೆರಿಕದ ಗ್ರೀನುಗಳನ್ನು ಅಳೆದಾಗ ಸರಾಸರಿ ಆರೂವರೆ ಅಡಿಯಷ್ಟಿತ್ತು. ಇಂದು ದೊಡ್ಡ ಪಂದ್ಯಗಳಲ್ಲಿ ಹನ್ನೆರಡು ಅಡಿ ಅಪರೂಪವಲ್ಲ. ಹಿಂದೆ ಸಮವಾದ ಅಭ್ಯಾಸದ ಗ್ರೀನಿನಿಂದ ಆಗುತ್ತಿದ್ದ ತಪ್ಪುಗ್ರಹಿಕೆಗಿಂತ ಇಂದು ಆಗುವುದು ಹೆಚ್ಚೆಂಬುದು ಇದರಿಂದ ಸಿದ್ಧಪಡುತ್ತದೆ.

ಇಳಿಜಾರಿನಲ್ಲಿಯೇ ಅಳೆಯಬೇಕಾದಾಗ ಇನ್ನೊಂದು ಎಚ್ಚರಿಕೆ ಅಗತ್ಯ. ಕೆಳಮುಖವಾಗಿ 14 ಅಡಿ, ಮೇಲ್ಮುಖವಾಗಿ 8 ಅಡಿ ಬಂದರೆ ಸರಾಸರಿ 11 ಎಂದು ಹೇಳುವುದು ತಪ್ಪು. ಕೂಡತಕ್ಕದ್ದು ತಡೆಗಳನ್ನೇ ಹೊರತು ದೂರಗಳನ್ನಲ್ಲ. ಎರಡು ದೂರಗಳ ಗುಣಲಬ್ಧವನ್ನು ಇಮ್ಮಡಿಸಿ ಅವುಗಳ ಮೊತ್ತದಿಂದ ಭಾಗಿಸಬೇಕು. ಆಗ ದೊರೆಯುವುದು 10 ಅಡಿ 2 ಅಂಗುಲ.

ನಿಯಮದ ಕಟ್ಟು

ಹಾಗಾದರೆ ಮೈದಾನದ ಗ್ರೀನನ್ನೇ ಮೊದಲು ಪರೀಕ್ಷಿಸಬಾರದೇಕೆ? ಇದಕ್ಕೆ ಆಟದ ನಿಯಮಗಳೇ ಅಡ್ಡಿ. ಒಟ್ಟು ಹೊಡೆತಗಳನ್ನು ಎಣಿಸುವ ಸ್ಪರ್ಧೆಯಲ್ಲಿ, ಸಮಿತಿಯು ಬೇರೆ ವಿಧಿಸದ ಹೊರತು, ಆ ದಿನದ ಆಟಕ್ಕೆ ಮೊದಲು ಆಟಗಾರನು ಮೈದಾನದಲ್ಲಿ ಅಭ್ಯಾಸ ಮಾಡತಕ್ಕದ್ದಲ್ಲ. ಚೆಂಡನ್ನು ಉರುಳಿಸಿ ಗ್ರೀನನ್ನು ಪರೀಕ್ಷಿಸುವುದೂ ನಿಷಿದ್ಧ. ಆಟ ನಡೆಯುವಾಗ, ಆಗತಾನೆ ಮುಗಿಸಿದ ಕುಳಿಯ ಗ್ರೀನನ್ನೂ ಅಭ್ಯಾಸದ ಗ್ರೀನನ್ನೂ ಮಾತ್ರ, ಎರಡು ಕುಳಿಗಳ ನಡುವಣ ಅವಧಿಯಲ್ಲಿ ಪರೀಕ್ಷಿಸಬಹುದು. ವಿಚಿತ್ರವೆಂದರೆ, ಆಟದ ಚೆಂಡು ಅಕಸ್ಮಾತ್ತಾಗಿ ಅಭ್ಯಾಸದ ಗ್ರೀನಿನ ಮೇಲೆ ಬಿದ್ದರೆ ನಿಯಮವು ಅದನ್ನು ‘ತಪ್ಪು ಗ್ರೀನ್’ ಎಂದು ಕರೆಯುತ್ತದೆ. ಚೆಂಡನ್ನು ಅಲ್ಲಿಂದ ಹೊಡೆಯಕೂಡದು, ಹೊರಗಿಟ್ಟು ಆಡಬೇಕು. ಹೀಗೆ, ಯಾವುದು ಆಟದ ನೆಲವಲ್ಲವೆಂದು ನಿಯಮವೇ ಸಾರುತ್ತದೆಯೋ ಅದೇ ಆ ದಿನದ ಆಟದ ನೆಲದ ಬಗ್ಗೆ ಆಟಗಾರನಿಗಿರುವ ಮುಖ್ಯ ಸಾಕ್ಷಿ. ಆ ಸಾಕ್ಷಿಯು ಸತ್ಯವನ್ನು ನುಡಿಯುವಂತೆ ನೋಡಿಕೊಳ್ಳುವುದು ಮೈದಾನಪಾಲಕನ ಹೊಣೆ. ಎರಡನ್ನೂ ಒಂದೇ ಎತ್ತರಕ್ಕೆ, ಒಂದೇ ಬೆಳಗಿನಲ್ಲಿ ಕತ್ತರಿಸುವುದು, ಅಭ್ಯಾಸದ ಕುಳಿಗಳನ್ನು ಆಗಾಗ ಸ್ಥಳಾಂತರಿಸುವುದು, ಎರಡನ್ನೂ ಅಳೆದು ಅಂತರವನ್ನು ತಿಳಿದಿರುವುದು ಇವು ಅವನಿಂದ ಸಾಧ್ಯ.

ಅಭ್ಯಾಸದ ಫಲ

ವ್ಯತ್ಯಾಸವು ಪೂರ್ಣವಾಗಿ ಅಳಿಯುವುದಿಲ್ಲವೆಂದ ಮೇಲೆ ಕಲಿಯುವವನು ಏನು ಮಾಡಬೇಕು? 1978ರಲ್ಲಿ ರಾಬರ್ಟ್ ಕರ್ ಮತ್ತು ಬರ್ನಾರ್ಡ್ ಬೂತ್ ಎಂಬವರು ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಎಂಟು ವರ್ಷದ ಮಕ್ಕಳಲ್ಲಿ ಒಂದು ಗುಂಪು ಕಾಳಿನ ಚೀಲವನ್ನು ಮೂರು ಅಡಿ ದೂರದ ಗುರಿಗೇ ಎಸೆದು ಅಭ್ಯಾಸ ಮಾಡಿತು. ಇನ್ನೊಂದು ಎರಡು ಮತ್ತು ನಾಲ್ಕು ಅಡಿಗಳಿಂದ ಎಸೆಯಿತು, ಮೂರು ಅಡಿಯಿಂದ ಎಸೆಯಲೇ ಇಲ್ಲ. ಕೊನೆಗೆ ಮೂರು ಅಡಿಯ ಪರೀಕ್ಷೆಯಲ್ಲಿ ಎರಡನೆಯ ಗುಂಪೇ ಮೇಲಾಯಿತು. ಮಕ್ಕಳ ಎಸೆತದಿಂದ ಗಾಲ್ಫ್ ಪಟ್ಟಿಗೆ ನೇರವಾಗಿ ಸಿದ್ಧಾಂತ ಮಾಡುವುದು ಸಾಹಸವಾದೀತು. ಆದರೂ ಒಂದೇ ಸ್ಥಳದಿಂದ ಒಂದೇ ಕುಳಿಗೆ ಐವತ್ತು ಚೆಂಡುಗಳನ್ನು ಉರುಳಿಸುವವನು ಕಲಿಯುವುದು ಬಹುಶಃ ಆ ಒಂದು ಗೆರೆಯನ್ನು ಮಾತ್ರ. ದೂರವನ್ನೂ ದಿಕ್ಕನ್ನೂ ಬದಲಿಸುತ್ತ ಹೋಗುವವನು ಕಲಿಯುವುದು ನೆಲಕ್ಕೂ ಹೊಡೆತಕ್ಕೂ ಇರುವ ಸಂಬಂಧವನ್ನು. ಮೊದಲನೆಯದು ಸ್ಥಳದೊಡನೆ ಹಿಂದುಳಿಯುತ್ತದೆ. ಎರಡನೆಯದು ಆಟಗಾರನೊಡನೆ ಮೈದಾನಕ್ಕೆ ಬರುತ್ತದೆ.

ಈ ವಿಷಯವನ್ನು ನಮ್ಮ ವಿದ್ಯಾರ್ಥಿಗಳು ಗಾಲ್ಫ್ ಮೈದಾನವಿಲ್ಲದೆಯೂ ಪರೀಕ್ಷಿಸಬಹುದು. ಗಾಡಿ ಕೊರೆದ ಮೂರಡಿಯ ಪಟ್ಟಿ, ಒಂದು ಚೆಂಡು, ಅಳತೆಯ ಟೇಪು ಇಷ್ಟಿದ್ದರೆ ಸಾಕು. ಕಾಲೇಜಿನ ಹುಲ್ಲುಹಾಸು, ಕ್ರಿಕೆಟ್ ಪಿಚ್ಚು, ವರಾಂಡದ ನೆಲ ಇವುಗಳಲ್ಲಿ ನಾಲ್ಕು ದಿಕ್ಕಿಗೂ ಚೆಂಡನ್ನುರುಳಿಸಿ, ಬೆಳಿಗ್ಗೆ ಮತ್ತು ಮಧ್ಯಾಹ್ನದ ಫಲಗಳನ್ನು ಹೋಲಿಸಲಿ. ಒಂದೇ ನೆಲವು ಎರಡು ಹೊತ್ತಿನಲ್ಲಿ ಎರಡು ಉತ್ತರ ಕೊಡುವುದನ್ನು ಕಂಡವರು, ಒಂದು ನೆಲದ ಉತ್ತರವನ್ನು ಇನ್ನೊಂದಕ್ಕೆ ಹೊರಿಸುವ ಮೊದಲು ಎರಡನ್ನೂ ಅಳೆದು ನೋಡುವರು.